ಖಾಲಿ ಹೋಗದ ಕಿವುಡು ಬಂಡಿ

ಸಾವಿನ ಬಂಡಿಯನ್ನು ಓಡಿಸಿ ಬದುಕಿ ಬಂದವನು ಇಡೀ ಐರ್ಲೆಂಡಿನಲ್ಲಿ ನಾನೊಬ್ಬನೇ. ರುಂಡವಿಲ್ಲದ ಅದರ ಸಾರಥಿ ತಾನಾಗಿ ಕೆಳಗಿಳಿದ. ಟೋಪಿ ತೆಗೆದು ಮರ್ಯಾದೆ ಮಾಡೋಣವೆಂದರೆ ತಲೆಯೇ ಇಲ್ಲ, ಹಾಗಾಗಿ ಬರೇ ಸೊಂಟ ಬಗ್ಗಿಸಿ, "ಮಲಾಕಿ ಟೂಹಿ, ನಿನ್ನಂಥ ಕೈಯನ್ನ ನಾನು ಕಂಡಿಲ್ಲ" ಎಂದು ತನ್ನ ಜಾಗ ಬಿಟ್ಟುಕೊಟ್ಟ. ತಲೆಯಿಲ್ಲದವನು ಹೇಗೆ ಮಾತಾಡಿದ ಎಂದು ಕೇಳುವವರಿಗೆ ಕಥೆ ಕೇಳುವ ಯೋಗ್ಯತೆಯಿಲ್ಲ.

ಆ ಭಾನುವಾರವೂ ಹೀಗೇ ಶುರು ಮಾಡಿದ್ದೆ. ಇಗರ್ಜಿಯ ಪೂಜೆ ಮುಗಿಸಿ ಊರೆಲ್ಲ ಗಿಲ್‌ಫಾಯ್ಲ್ ವಿಧವೆಯ ಅಂಗಡಿಗೆ ನುಗ್ಗಿತ್ತು. ಅಲ್ಲಿ ಮುಂದೆ ಚಹಾಪುಡಿ, ಮೊಳೆ, ಬೂಟಿನ ದಾರ ಸಿಗುತ್ತವೆ, ಹಿಂದೆ ಕರಿ ಬಿಯರು. ನಡುವೆ ಹೆಂಗಸರು ಕೂರಲು ಹಲಗೆ ಹೊಡೆದು ಮರೆಮಾಡಿದ ಒಂದು ಗೂಡು. ನನ್ನ ಎದುರಿಗೆ ಕೂತವನು ಲಾಳ ಕಟ್ಟುವ ಫಿಂಟನ್. ನಾನು ಬಾಯಿ ತೆರೆದರೆ ಸಾಕು, ಅವನ ಹುಬ್ಬು ಮೇಲೇರುತ್ತದೆ.

"ಲೋ ಮಲಾಕಿ, ಕತ್ತೆ ಗಾಡೀನ ಚರಂಡಿಗೆ ಬೀಳಿಸ್ದೆ ಓಡ್ಸೋಕೆ ಬರಲ್ಲ ನಿಂಗೆ" ಎಂದ.

"ಕತ್ತೆಗೆ ನನ್ನ ಯೋಗ್ಯತೆ ಗೊತ್ತಿರ್ಲಿಲ್ಲ. ಸಾವಿಗೆ ಗೊತ್ತಿತ್ತು. ಸುಮ್ನೆ ಕೇಳು."

ನಾನು ಕಿಲವಾರಾ ಬಂಗಲೆಯ ಲಾಯದಲ್ಲಿ ಕೆಲಸಕ್ಕಿದ್ದವನು. ಒಡತಿ ಇಸ್ಮೇ ದೊರೆಸಾನಿ, ಅರ್ಲ್ ಸಾಹೇಬರ ಮಗಳು. ಗಂಡಸಿನ ಹೆಸರಿಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದರು. ಒಂದರಲ್ಲಿ ನನ್ನನ್ನೇ ನಾಯಕನನ್ನಾಗಿ ಮಾಡಿದ್ದಾರೆ. ಓದಿದವರು ಅವನು ಕುದುರೆಗಳ್ಳ ಎನ್ನುತ್ತಾರೆ, ಆದರೆ ನೋಡಲು ಚೆಲುವನಂತೆ. ದೊಡ್ಡ ಯುದ್ಧ ಬಂದಾಗ ಆಕೆ ಅಜ್ಜಿಯ ಮುತ್ತಿನ ಸರ ಮಾರಿ ಒಂದು ಆಂಬುಲೆನ್ಸ್ ಕೊಂಡು, ಫ್ರಾನ್ಸಿಗೆ ಹೋಗಿ, ಗಾಯಗೊಂಡ ಸಿಪಾಯಿಗಳನ್ನು ಸಾಗಿಸಿದರು. ಲಕ್ಷ ಜನರನ್ನು ಸಾಗಿಸಿದರೆಂದು ನಾನು ಹೇಳುವುದುಂಟು. ಎಷ್ಟು ಜನ ದಾರಿಯಲ್ಲೇ ತೀರಿಹೋದರೆಂಬುದನ್ನು ಅವರು ಯಾರಿಗೂ ಹೇಳಿದವರಲ್ಲ. ಯುದ್ಧ ಮುಗಿದ ಮೇಲೆ ಕೂದಲು ಗಿಡ್ಡ ಮಾಡಿಸಿಕೊಂಡು ಹಿಂದಿರುಗಿದರು. ಆ ಬಂಡಿಯನ್ನೂ ಹಡಗಿಗೆ ಹಾಕಿ ತಂದರು.

ಬಂಗಲೆಯಲ್ಲಿ ಅಷ್ಟೊಂದು ಕೋಣೆಗಳಿದ್ದರೂ ಆಕೆ ಬರೆಯಲು ಕೂರುತ್ತಿದ್ದುದು ಲಾಯದ ಅಂಗಳದಲ್ಲಿ ನಿಂತಿರುತ್ತಿದ್ದ ಬಂಡಿಯ ಮುಂದಿನ ಸೀಟಿನಲ್ಲೇ. ಬರೆಯುತ್ತಾ ಬರೆಯುತ್ತಾ ಒಮ್ಮೊಮ್ಮೆ, "ಇನ್ನೊಂದು ಪುಟ ಅಷ್ಟೆ. ಆಮೇಲೆ ಹೊರಡೋಣ" ಎನ್ನುವರು. ಮೊದಮೊದಲು ನನಗೇ ಹೇಳುತ್ತಿದ್ದಾರೆಂದುಕೊಂಡು, "ಆಗ್ಲಿ ಅಮ್ಮಾವ್ರೇ" ಎನ್ನುತ್ತಿದ್ದೆ. ಒಂದು ದಿನ ತಲೆ ಎತ್ತದೆಯೇ, "ನಿನಗಲ್ಲ ಮಲಾಕಿ" ಎಂದರು. ಅವರ ಬೆನ್ನ ಹಿಂದೆ ಬಂಡಿಯ ಒಳಗೋಡೆಗೆ ಬಿಗಿದ ಖಾಲಿ ಕ್ಯಾನ್ವಾಸ್ ಮಂಚಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಿನಿಂದ ನಾನು ಅಂಗಳ ಗುಡಿಸುವಾಗ ಆ ಬಂಡಿಯ ಹಿಂಬದಿಯನ್ನು ಬಿಟ್ಟು ಗುಡಿಸತೊಡಗಿದೆ.

ಓಡಿಸುವ ರೀತಿಯೂ ಯುದ್ಧದ್ದೇ. ದೀಪ ಹಚ್ಚುತ್ತಿರಲಿಲ್ಲ. ಇಳಿಜಾರು ಬಂದರೆ ಇಂಜಿನ್ ಆರಿಸಿ, ಬಂಡಿಯನ್ನು ಅದರ ಭಾರಕ್ಕೇ ಬಿಟ್ಟು, ಸದ್ದಿಲ್ಲದೆ ಇಳಿಸುತ್ತಿದ್ದರು. ಅಲ್ಲಿ ಸದ್ದು ಕೇಳಿದರೆ ಗುಂಡು ಬೀಳುತ್ತಿತ್ತಂತೆ. ಇಲ್ಲಿ ಯಾರು ಗುಂಡು ಹಾರಿಸುತ್ತಾರೆ ಎಂದು ಕೇಳಿದ್ದಕ್ಕೆ, "ಕೈಗೆ ಅದನ್ನ ತಿಳಿಸಿ ಹೇಳೋಕಾಗಲ್ಲ" ಎಂದಿದ್ದರು.

ಹಾಗಿರುವಾಗ ಒಂದು ನವೆಂಬರಿನಲ್ಲಿ ನನ್ನ ಹೆಂಡತಿ ಊನಾಳಿಗೆ ಚೊಚ್ಚಲ ಹೆರಿಗೆ ನೋವು ಶುರುವಾಯಿತು. ಶುರುವಾದದ್ದು ಮುಗಿಯಲೇ ಇಲ್ಲ. ಸೂಲಗಿತ್ತಿ ನನ್ನ ಸೋದರತ್ತೆ ಸಬೀನಾ. ನನ್ನನ್ನೂ, ಫಿಂಟನ್ನನ್ನೂ, ಊರಿನ ಅರ್ಧ ಜನರನ್ನೂ ಈ ಲೋಕಕ್ಕೆ ಎಳೆದು ತಂದ ಕೈ ಅವಳದು. ಎರಡನೆಯ ದಿನ ಅವಳು ಹೊರಗೆ ಬಂದು ಕೈ ಒರೆಸಿಕೊಂಡಳು.

"ಕೂಸು ಅಡ್ಡ ತಿರುಗಿದೆ ಕಣೋ. ನನ್ನ ಕೈ ಮೀರಿ ಹೋಯ್ತು. ಪಟ್ಣದ ಆಸ್ಪತ್ರೆಗೆ ಮುಟ್ಟಿದ್ರೆ ಇಬ್ರೂ ಉಳೀಬಹುದು. ಆದ್ರೆ ಕುದುರೆ ಗಾಡಿ ಕುಲುಕಾಟಕ್ಕೆ ಜೌಗಿನ ಅರ್ಧ ದಾರೀಲೇ ಹೋಗ್ತಾಳೆ."

ನಾನು ಬಂಗಲೆಗೆ ಓಡಿದೆ. ಓಟ ಎಂಥದೆಂದರೆ, ಹಿಂದೆ ಬಿದ್ದ ನನ್ನ ನೆರಳು ಮಾರನೆಯ ದಿನ ಮನೆ ಸೇರಿತು. ದೊರೆಸಾನಿ ಒಂದು ಮಾತೂ ಕೇಳಲಿಲ್ಲ. ಬರೆಯುತ್ತಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿ, "ಇಂಜಿನ್ ತಿರುಗಿಸು" ಎಂದರು.

ಮಧ್ಯಾಹ್ನವಾದರೂ ಮಂಜಿನ ಕಾವಳ ಎಷ್ಟು ದಟ್ಟವಾಗಿತ್ತೆಂದರೆ ಚಾಕು ಹಾಕಿ ಹೋಳು ಮಾಡಿ ಮಾರಬಹುದಿತ್ತು. ನಮ್ಮ ಮನೆಯ ಮೇಲಿನ ದಿಣ್ಣೆಯಲ್ಲಿ ಅವರು ರೂಢಿಯಂತೆ ಇಂಜಿನ್ ಆರಿಸಿದರು. ಚಳಿಗೆ ಕೋಟಿನ ಕಾಲರು ಮೇಲೆತ್ತಿ, ದಾರಿ ಕಾಣಲೆಂದು ತಲೆ ಬಗ್ಗಿಸಿ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಸಬೀನಾ ಅತ್ತೆಗೆ ಕಂಡದ್ದು ಬೇರೆಯೇ: ಕುದುರೆಯಿಲ್ಲದೆ, ದೀಪವಿಲ್ಲದೆ, ಗಾಲಿಯ ಸದ್ದಿಲ್ಲದೆ ಮಂಜಿನೊಳಗಿಂದ ಇಳಿದು ಬರುತ್ತಿರುವ ಬೂದು ಬಂಡಿ, ಅದರ ಮೇಲೆ ತಲೆಯಿಲ್ಲದ ಸಾರಥಿ.

ಕಿವುಡು ಬಂಡಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸದ್ದು ಮಾಡದೆ ಬರುವುದರಿಂದ ಆ ಹೆಸರು. ಒಂದು ಮನೆಯ ಬಾಗಿಲಿಗೆ ಬಂದಿತೆಂದರೆ ಖಾಲಿ ಹಿಂದಿರುಗುವಂತಿಲ್ಲ, ಒಂದು ಜೀವವನ್ನು ಹೇರಿಕೊಂಡೇ ಹೋಗಬೇಕು.

ಅತ್ತೆ ಶಿಲುಬೆಯ ಗುರುತು ಹಾಕಿಕೊಂಡು ಬಾಗಿಲಿಗೆ ಅಗುಳಿ ಹಾಕಿಬಿಟ್ಟಳು.

"ಅತ್ತೆ, ಬಾಗ್ಲು ತೆಗಿ. ದೊರೆಸಾನಿ ಬಂದವ್ರೆ."

"ಯಾರನ್ನ ಕರ್ಕೊಂಡು ಬಂದಿದೀಯೋ ಮುಂಡೇದೇ? ಹೊಟ್ಟೇಲಿರೋ ಕೂಸನ್ನೂ ಸೇರ್ಸಿ ಕೊಡ್ಬೇಕಾ ಅದಕ್ಕೆ?"

"ಇದು ಮೋಟಾರು ಅತ್ತೆ. ಎಣ್ಣೆ ವಾಸ್ನೆ ನೋಡು."

"ಸಾವಿಗೂ ಈಗ ಮೋಟಾರು ಬಂದಿರ್ಬೇಕು. ದುಡ್ಡಿದ್ದೋರ ಮನೆಗೆ ಮೊದ್ಲು ಬರುತ್ತೆ ಎಲ್ಲಾ."

ದೊರೆಸಾನಿ ಇಳಿದು ಬಂದು ಬಾಗಿಲ ಹತ್ತಿರ ಬಾಯಿಟ್ಟು ಮೆಲ್ಲಗೆ ಮಾತಾಡಿದರು. "ಸಬೀನಮ್ಮ, ನಾನು ಇಸ್ಮೇ. ನಿಮ್ಮ ಭಯ ನಂಗೆ ಗೊತ್ತು. ಇದು ಖಾಲಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ನನಗೆ ಆ ಮಾತು ಹಿಡಿಸಲಿಲ್ಲ. ಆಗ ಒಳಗಿನಿಂದ ಊನಾಳ ದನಿ ಬಂತು. ನೋವಿನಲ್ಲಿ ಒಣಗಿ ಹೋದ ದನಿ: "ಅತ್ತೆ, ತೆಗೀರಿ. ಇಲ್ಲೇ ಬಿದ್ದಿದ್ರೂ ಸಾಯ್ತೀನಿ. ಹೋಗ್ತಾ ಸಾಯ್ತೀನಿ ಬಿಡಿ."

ಅಗುಳಿ ಸರಿಯಿತು. ಊನಾಳನ್ನು ಕಂಬಳಿ ಸಮೇತ ಎತ್ತಿ ಬಂಡಿಯೊಳಗಿನ ಕೆಳಮಂಚದ ಮೇಲೆ ಮಲಗಿಸಿದೆವು. ಅವಳ ಜೊತೆಗೆ ಒಬ್ಬರು ಕೂರಬೇಕಿತ್ತು. ಅತ್ತೆ ಹೊಸ್ತಿಲು ದಾಟಲಿಲ್ಲ. "ಅದರೊಳಗೆ ಕಾಲಿಟ್ರೆ ನಾನೂ ಲೆಕ್ಕಕ್ಕೆ ಸೇರ್ತೀನಿ ಕಣೋ" ಎಂದು ಜಪಮಾಲೆ ಹಿಡಿದು ಅಲ್ಲೇ ನಿಂತಳು. ದೊರೆಸಾನಿ ಹಿಂಬಾಗಿಲು ಮುಚ್ಚುತ್ತಾ, "ಪರವಾಗಿಲ್ಲ. ಅವಳು ಒಬ್ಬಳೇ ಇರಲ್ಲ" ಎಂದರು.

"ಅಲ್ಲಿಂದ ಮುಂದೆ ನಂದೇ ಕಾರುಬಾರು" ಎಂದು ನಾನು ಅಂಗಡಿಯಲ್ಲಿ ಲೋಟ ಕೆಳಗಿಟ್ಟು ಅಂಗಿಯ ತೋಳು ಮಡಚಿದೆ. "ದೊರೆಸಾನಿ, 'ಮಲಾಕಿ, ಈ ಕಾವಳದಲ್ಲಿ ಫ್ರಾನ್ಸಿನ ವಿದ್ಯೆ ನಡೆಯಲ್ಲ, ನೀನೇ ಹಿಡಿ' ಅಂದ್ರು. ಎರಡೂ ಕೈಲಿ ಸ್ಟೇರಿಂಗ್ ಹಿಡ್ದೆ. ಆಸ್ಪತ್ರೆ ಗೇಟು ಬರೋ ತನಕ ಬಿಡ್ಲಿಲ್ಲ. ಹೋದ ಗಲಾಟೇಲಿ ಬಂಡಾಯದ ಹುಡುಗ್ರು ಒಡೆದಿಟ್ಟ ಸೇತುವೆ ಇದೆಯಲ್ಲ, ಅದನ್ನ ಹಾರಿಸ್ದೆ. ಹಾರಿದಾಗ ಕೆಳಗೆ ಬಾತುಕೋಳಿ ಕಂಡ್ವು."

"ಬಾತುಕೋಳಿ ನಿನ್ನನ್ನ ನೋಡಿ ಏನಂದ್ವು?" ಫಿಂಟನ್ ಕೇಳಿದ.

"ದಾರಿ ಬಿಟ್ವು. ನಿನಗಿಂತ ಅವಕ್ಕೆ ಬುದ್ಧಿ ಜಾಸ್ತಿ."

ಎಲ್ಲರೂ ನಕ್ಕರು. ನಗಲಿ ಎಂದೇ ಹೇಳಿದ್ದು. ಏಕೆಂದರೆ ಮುಂದಿನದನ್ನು ಹೇಳುವಾಗ ನನಗೆ ಪ್ರತಿ ಸಲವೂ ಕತ್ತಿನ ಹಿಂದೆ ತಣ್ಣಗಾಗುತ್ತದೆ. ಜೌಗಿನ ರಸ್ತೆಯಲ್ಲಿ ಪ್ರತಿ ಗುಂಡಿಗೂ ಮೊದಲು ದೊರೆಸಾನಿ ಹಿಂದಕ್ಕೆ, "ಹುಡುಗ್ರಾ, ಗುಂಡಿ ಬಂತು, ಹಲ್ಲು ಕಚ್ಚಿ" ಎನ್ನುತ್ತಿದ್ದರು. ಮಲಗಿದ್ದವಳು ಒಬ್ಬಳು ಹೆಂಗಸು. ಅವಳನ್ನು ಯಾರಾದರೂ 'ಹುಡುಗ್ರಾ' ಎನ್ನುತ್ತಾರೆಯೇ? ಗಾಲಿಗಳು ಮಣ್ಣಿನಲ್ಲಿ ಇಳಿಯುತ್ತಿದ್ದ ಆಳವನ್ನೂ ನೋಡಿದೆ. ಊನಾ ಗಾಳಿಗೆ ಹಾರುವಂಥ ತೆಳ್ಳನೆ ಹುಡುಗಿ. ಆ ಬಂಡಿ ಮಾತ್ರ ತುಂಬಿದ ದೋಣಿಯ ಹಾಗೆ ಕುಸಿದು ನಡೆಯುತ್ತಿತ್ತು.

"ಗೇಟಿನ ತನಕ ಎರಡೂ ಕೈ ಸ್ಟೇರಿಂಗ್ ಮೇಲೇ ಇದ್ವಾ?"

ದನಿ ಬಂದದ್ದು ಹಲಗೆಯ ಗೂಡಿನ ಆಚೆಯಿಂದ. ಚಹಾಪುಡಿಗೆ ಬಂದಿದ್ದ ಊನಾ ಅಲ್ಲೇ ಕೂತಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಇದ್ವು ಮತ್ತೆ. ಅಂಥ ರಸ್ತೇಲಿ ಒಂದು ಕೈ ಬಿಟ್ರೂ..."

"ಹಾಗಾದ್ರೆ ನನ್ನ ಕೈ ಹಿಡ್ದಿದ್ದು ಯಾರು ರೀ?"

ಫಿಂಟನ್ನನ ಹುಬ್ಬು ಕೂಡ ಮೇಲೇರಲಿಲ್ಲ.

"ಮನೆಯಿಂದ ಆಸ್ಪತ್ರೆ ತನಕ ಒಂದು ಕೈ ನನ್ನ ಕೈ ಹಿಡ್ದಿತ್ತು" ಎಂದಳು ಊನಾ, ಮೆಲ್ಲಗೆ, ನನಗೊಬ್ಬನಿಗೇ ಹೇಳುವಂತೆ. "ಬಟ್ಟೆ ಸುತ್ತಿದ ಕೈ. ಚಳಿಗೆ ಸುತ್ಕೊಂಡಿದೀರಿ ಅಂದ್ಕೊಂಡೆ. ನೋವು ಬಂದಾಗೆಲ್ಲ ಅದೂ ಬಿಗಿಯಾಗ್ತಿತ್ತು. ಇನ್ನೇನು ಬಿಟ್ಟುಬಿಡ್ತೀನಿ ಅನ್ನೋ ಹೊತ್ತಿಗೆ ನನ್ನನ್ನ ಹಿಡ್ಕೊಂಡಿದ್ದು ಅದೇ. ಮಗು ಆದ್ಮೇಲೆ ಕೇಳಿದ್ದಕ್ಕೆ, 'ನಾನೇ ಕಣೆ, ಇನ್ಯಾರು' ಅಂದ್ರಿ. ಇಷ್ಟು ವರ್ಷ ನಂಬಿದೀನಿ. ಈಗ ಎರಡೂ ಕೈ ಸ್ಟೇರಿಂಗ್ ಮೇಲಿದ್ವು ಅಂತೀರ. ಎರಡ್ರಲ್ಲಿ ಒಂದು ಸುಳ್ಳು. ಯಾವ್ದು?"

ನನ್ನ ಬಾಯಲ್ಲಿ ಯಾವತ್ತೂ ಎರಡು ಮೂರು ಉತ್ತರ ಸಿದ್ಧವಿರುತ್ತವೆ. ಅಂದು ಬಂದದ್ದು ಒಂದೇ.

"ಎರಡೂ" ಎಂದೆ.

ಬಿಯರಿನ ಪೀಪಾಯಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ವಿಧವೆ ಹೋಗಿ ನಲ್ಲಿ ಬಿಗಿ ಮಾಡಿದಳು.

"ಓಡ್ಸಿದ್ದು ದೊರೆಸಾನಿ. ಸೇತುವೆ ಹಾರ್ಲಿಲ್ಲ, ಪಕ್ಕದ ಹಳ್ಳದಲ್ಲಿ ಇಳಿಸಿ ಹತ್ತಿಸಿದ್ರು. ಕಾವಳದಲ್ಲಿ ರಸ್ತೆ ಅಂಚು ಕಾಣ್ತಿರ್ಲಿಲ್ಲ. ಬೆನ್ನಿಗೆ ಬಿಳೀ ಬಟ್ಟೆ ಕಟ್ಕೊಂಡು ಮುಂದೆ ನಡಿ, ನಿನ್ನನ್ನ ನೋಡ್ಕೊಂಡು ಬರ್ತೀನಿ ಅಂದ್ರು. ನಿನ್ನ ಹಾಸಿಗೆ ದುಪ್ಪಟಿ ಹರ್ದು ಕಟ್ಕೊಂಡೆ. ಜೌಗು ದಾಟೋ ತನಕ ನಾನು ಬಂಡಿ ಮುಂದೆ ನಡೀತಾ ಇದ್ದೆ ಊನಾ. ಆಮೇಲೆ ಅವ್ರ ಪಕ್ಕದ ಮೆಟ್ಲ ಮೇಲೆ ನಿಂತ್ಕೊಂಡೆ. ಹಿಂದೆ ಬರ್ಲೇ ಇಲ್ಲ."

"ಮತ್ತೆ ಹಿಂದೆ ಇದ್ದೋರು?"

"ಆಸ್ಪತ್ರೇಲಿ ನಿನ್ನನ್ನ ಇಳಿಸ್ಕೊಂಡು ಹೋದ್ಮೇಲೆ ನಾನು ಬಂಡಿ ಹಿಂಬಾಗ್ಲು ಹಾಕೋಕೆ ಹೋದೆ. ದೊರೆಸಾನಿ ನನ್ನ ತೋಳು ಹಿಡಿದು ನಿಲ್ಲಿಸಿದ್ರು. ಬಾಗ್ಲು ತೆಗೆದೇ ಇಟ್ಕೊಂಡು ತುಂಬ ಹೊತ್ತು ಕಾದ್ರು, ಯಾರೋ ಇಳೀಲಿ ಅನ್ನೋ ಹಾಗೆ. ಕೊನೆಗೆ ಅವ್ರೇ ಮುಚ್ಚಿ, 'ಇವತ್ತೂ ಇಳಿಯಲ್ವಂತೆ' ಅಂದ್ರು. ಅತ್ತೆ ನಂಬಿದ್ದು ನಿಜ, ಆ ಬಂಡಿ ಖಾಲಿ ಹಿಂದಿರುಗಲ್ಲ. ಅದು ಮೊದ್ಲೇ ತುಂಬಿತ್ತು, ಅದಕ್ಕೆ ನಿನ್ನ ಜೀವ ಬೇಕಾಗಿರ್ಲಿಲ್ಲ, ಅಷ್ಟೆ."

ನಾನು ಹಲಗೆಯ ಗೂಡಿನ ಕಡೆ ತಿರುಗಿದೆ.

"ಕೈ ಹಿಡಿದಿದ್ದಕ್ಕೇ ಬದುಕ್ದೆ ಅಂತ ನೀನು ಅಂದಾಗ, ನಾನೇ ಅಂತ ಬಾಯಿಂದ ಬಂದ್ಬಿಡ್ತು. ಬೇರೆ ಯಾರು ಅಂತ ಹೇಳ್ಲಿ? ಆವಾಗ ಜೌಗಿನ ಮಧ್ಯೆ, ನಿನ್ನ ನರಳಾಟ ಕೇಳಿಸ್ತಾ ಇದ್ದಾಗ, ಒಂದು ಸಲ ಅದು ನಿಂತೋಯ್ತು. ನೀನು ಹೋದೆ ಅಂದ್ಕೊಂಡೆ. ಆಮೇಲೆ ಒಳಗಿಂದ ಗಂಡಸ್ರ ದನಿ ಬಂತು, ತುಂಬ ಜನ, ಮೆಲ್ಲಗೆ, ನಮ್ಮ ಭಾಷೆ ಅಲ್ಲ. ಮಗೂನ ಸಮಾಧಾನ ಮಾಡ್ತಾರಲ್ಲ, ಹಾಗೆ. ಅದಾದ್ಮೇಲೆ ನೀನು ಮತ್ತೆ ನರಳಿದೆ. ಓಡಿ ಬಂದು ಬಾಗ್ಲು ತೆಗೀಬೇಕು ಅನ್ನಿಸ್ತು. ತೆಗೆದ್ರೆ ಅವ್ರು ಸುಮ್ಮನಾಗ್ಬಿಟ್ರೆ ಅಂತ ಭಯ. ಬಟ್ಟೆ ಕಟ್ಕೊಂಡು ಮುಂದೆ ನಡ್ದೆ ಊನಾ. ನಾನು ಮಾಡಿದ್ದು ಅಷ್ಟೇ."