ಎಣಿಸಬಾರದ ಕುರಿಗಳು

ಗೂಗಲ್ ಊರಿನ ಬೂದೆಪ್ಪನ ಮನೆಯಲ್ಲಿ ಬೆಳಗಾದರೆ ಸಾಕು, ಮೊದಲು ರೊಟ್ಟಿ ಬಡಿಯುವ ಸಪ್ಪಳ, ಹಿಂದೆಯೇ ಕುರಿಗಳ ಅರಚಾಟ. ಈಗ ಕುರಿಗಳು ಅರಚುವುದನ್ನೂ ಬಿಟ್ಟಿದ್ದವು. ಕೃಷ್ಣೆ ಉಕ್ಕಿ ಇಳಿದ ಮೇಲೆ ದಂಡೆಯ ಹುಲ್ಲೆಲ್ಲ ಕೆಸರಿನಡಿ ಕೊಳೆತುಹೋಗಿತ್ತು. ಮೇವು ಹುಡುಕಿಕೊಂಡು ಮಾನ್ವಿ ಕಡೆ ಹೋದ ಮಗ ದುರುಗೇಶ ಇನ್ನೂ ಬಂದಿರಲಿಲ್ಲ. ದಿನಾ ದೊಡ್ಡಿಯ ಮೂಲೆಯಲ್ಲಿ ಒಂದಾದರೂ ಕುರಿ ಕಾಲು ಚಾಚಿ ಬಿದ್ದಿರುತ್ತಿತ್ತು.

ಇಂಥವರಿಗೆಂದೇ ಸರಕಾರ ಮೇವಿನ ಪರಿಹಾರ ಕೊಡುತ್ತಿತ್ತು. ಕುರಿ ಎಣಿಸಿ, ಕಿವಿಗೆ ಬಿಲ್ಲೆ ಹಾಕಿಸಿಕೊಂಡರೆ ಮುಗಿಯಿತು. ಆದರೆ ಎಣಿಸುವುದೇ ಆ ಮನೆಯಲ್ಲಿ ಆಗದ ಮಾತು! ಬಾಯಿಬಿಟ್ಟು ಕುರಿ ಎಣಿಸಿದರೆ ಮನೆದೇವರು ಬೀರಪ್ಪ ಮನೆಯೊಳಗಿನ ಒಂದು ಜೀವ ಒಯ್ಯುತ್ತಾನಂತೆ. ಹೊಲ, ಮನೆ ಬಿಟ್ಟುಹೋಗುವ ಹಿರಿಯರು ಇಂಥ ಭಯವನ್ನೂ ಬಿಟ್ಟುಹೋಗುತ್ತಾರೆ ನೋಡಿ.

ಸೊಸೆ ಭಾಗ್ಯಜ್ಯೋತಿ ಹತ್ತನೆಯ ತರಗತಿ ಓದಿದವಳು. ಓದಿದರೇನು, ಭಯ ಓದಿನ ಮಾತು ಕೇಳುತ್ತದೆಯೇ? ಆದರೂ ದನದ ದವಾಖಾನೆಯ ಡಾಕ್ಟರು ವಿಜಯಲಕ್ಷ್ಮಿಯವರಿಗೆ ಮಾವನ ಕಣ್ಣು ತಪ್ಪಿಸಿ ಫೋನು ಮಾಡಿ, ಬರ್ರಿ ಅಂದವಳು ಅವಳೇ. ಮರುದಿನ ಎದ್ದು ನೋಡಿದರೆ ಮೂರು ವರ್ಷದ ಮಗಳು ರಾಧಾಳ ಮೈ ಕಾದ ಹಂಚಾಗಿತ್ತು. ಭಾಗ್ಯಜ್ಯೋತಿ ಬೀರಪ್ಪನಿಗೆ ಕೈಮುಗಿದಳು. ಕರೆಸಿದ್ದಕ್ಕೇ ಹೀಗಾದರೆ ಎಣಿಸಿದರೆ ಏನು ಗತಿ?

ಅಷ್ಟರಲ್ಲಿ ಜೀಪು ಬಂದೇ ಬಂತು.

"ಯಪ್ಪಾ, ಇವತ್ತ ಕಡೀ ದಿನ. ಎಣಸಲಾರದ ನಾ ಏನಂತ ಬರೀಲಿ?" ಎಂದರು ವಿಜಯಲಕ್ಷ್ಮಿ.

"ಬರೀಬ್ಯಾಡ್ರಿ." ಬೂದೆಪ್ಪ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತ. "ಕುರಿ ಸತ್ರ ಸಾಯಲಿ. ನಮ್ಮಪ್ಪ ಹಿಂಗಾ ಸರಕಾರದವ್ರ ಮುಂದ ಎಣಸಿದ. ಅದಾ ವಾರ ನನ್ನ ಹಿರೇಮಗ ಹೋದ. ಈಗ ನೋಡ್ರಿ, ನೀವು ಬರಾಕಿಂತ ಮೊದ್ಲಾ ಈ ಕೂಸಿಗೆ ಜ್ವರ!"

"ಜ್ವರಕ್ಕ ಔಷಧ ಬೇಕ್ರಿ, ಹಸದ ಕುರಿಗಿ ಮೇವು ಬೇಕು. ಎಣಿಕಿ ಯಾರನ್ನ ಕೊಲ್ಲತದ್ರೀ? ಕೂಸಿನ್ನ ಮೊದ್ಲ ದವಾಖಾನಿಗಿ ಕಳಸ್ರಿ."

"ಹಣಿಗಿ ಬೀರಪ್ಪನ ಬಂಡಾರ ಹಚ್ಚೀನಿ. ಕೂಸು ಹೊಸ್ತಿಲ ದಾಟಬಾರ್ದು."

ಹೊಸ್ತಿಲೊಳಗೆ ನಿಂತ ಭಾಗ್ಯಜ್ಯೋತಿ ಮಗುವನ್ನು ಎದೆಗವಚಿಕೊಂಡಳು. "ನಿಮ್ಮ ಕಾಲ ಬೀಳ್ತೀನ್ರೀ ಮೇಡಂ, ಹೋಗಿಬಿಡ್ರಿ. ಕರದದ್ದಾ ನನ್ನ ತಪ್ಪು. ನನ್ನ ಮಗಳೊಬ್ಬಾಕಿ ಉಳದ್ರ ಸಾಕು."

ಮಗು ಕಣ್ಣು ಮೇಲೆ ಮಾಡಿತು. ಅಯ್ಯೋ ಎಂದು ಅವಳು ಚೀರಿದಳು.

ಒಲೆಯ ಮುಂದಿದ್ದ ಅತ್ತೆ ಬಾಲಮ್ಮ ಎದ್ದು ಬಂದಳು. ಗಂಡನೆದುರು ಎಂದೂ ದನಿ ಎತ್ತಿದವಳಲ್ಲ.

"ನನ್ನ ಮಗ ಎಣಿಕಿಯಿಂದ ಸತ್ತಿಲ್ಲ. ಜ್ವರ ಬಂದು ಸತ್ತ," ಎಂದಳು. "ದೇವದುರ್ಗದ ದವಾಖಾನಿಗಿ ಒಯ್ಯೂಣು ಅಂತ ನಿನ್ನ ಕಾಲ ಹಿಡದೆ. ಅವತ್ತೂ ಇದಾ ಬಂಡಾರ ಹಚ್ಚಿದಿ, ಇದಾ ಹೊಸ್ತಿಲ ತೋರ್ಸಿದಿ. ನನ್ನ ತೊಡಿ ಮ್ಯಾಲ ತಣ್ಣಗಾದ ಅಂವ."

ಬಾಲಮ್ಮ ಸೊಸೆಯ ಕಡೆ ತಿರುಗಿದಳು.

"ಜ್ಯೋತಿ, ನೀ ಕೂಸಿನ್ನ ಎತಗೊಂಡು ಜೀಪ್ ಹತ್ತು. ಕುರಿ ನಾ ಎಣಸ್ತೀನಿ. ಒಯ್ಯೂದಾದ್ರ ಬೀರಪ್ಪ ನನ್ನ ಒಯ್ಯಲಿ."

ಡಾಕ್ಟರು ಜೀಪಿನವನಿಗೆ ಹೊರಡಲು ಕೈಮಾಡಿ ತಾವು ಅಲ್ಲೇ ಉಳಿದರು. ಭಾಗ್ಯಜ್ಯೋತಿ ಮಗುವನ್ನೆತ್ತಿಕೊಂಡು ಹೊಸ್ತಿಲು ದಾಟಿ ಜೀಪು ಹತ್ತಿದಳು. ಜೀಪು ತಿರುಗುವಾಗ ಅವಳು ಹಿಂದೆ ನೋಡಿದಳು. ಬಾಲಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ, ಒಂದು ಕುರಿಯ ಬೆನ್ನ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವಂತೆ ಕೂಗಿದಳು: "ಒಂದು!"