ಆರು ಹಾಸಿಗೆಯ ಕ್ಯಾಬಿನ್

“ಒಲೆ ಒಂದೇ ಅಂತೆ,” ಎಂದಳು ಅನ್ನೆಟ್, ಪ್ರಿಂಟ್ ತೆಗೆದ ಹಾಳೆಯನ್ನು ಮೇಜಿನ ಮೇಲೆ ಸವರಿ ಇಡುತ್ತಾ. “ಹಾಸಿಗೆ ಆರು ಉಂಟು, ಒಂದರ ಮೇಲೊಂದು. ಹೊದಿಕೆ ನಾವೇ ತಕೊಂಡು ಹೋಗ್ಬೇಕು. ಬಾತ್‌ರೂಮ್ ಹೊರಗೆ, ಸ್ವಲ್ಪ ನಡೀಬೇಕು. ಒಲೆ ಮಾತ್ರ ಒಂದೇ.”

ಲಂಡನ್ನಿನ ಕ್ವೀನ್ಸ್‌ಬರಿಯ ಆ ಪುಟ್ಟ ಅಡುಗೆಮನೆಯಲ್ಲಿ ಅಮೆರಿಕದ ಅರಿಜೋನಾ ಹರಡಿಕೊಂಡಿತ್ತು. ನಕ್ಷೆಯ ಒಂದು ತುದಿಗೆ ಸಕ್ಕರೆ ಡಬ್ಬಿ, ಇನ್ನೊಂದು ತುದಿಗೆ ಅನ್ನೆಟ್‌ಳ ಮೊಣಕೈ. ಕೆಂಪು ಪೆನ್ನಿನ ಗುರುತು ಇದ್ದಲ್ಲಿ ಮುಂದೆ ಮರುಭೂಮಿಯಂತೆ, ಹಿಂದೆ ಹಿಮ ಹೊತ್ತ ಬೆಟ್ಟವಂತೆ, ನಡುವೆ ಮರದ ಕ್ಯಾಬಿನ್ನು. ಅನ್ನೆಟ್ ಕರಾವಳಿಯ ಬೆಲ್ಮಣ್ಣಿನ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. ಲಂಡನ್ನಿಗೆ ಬಂದ ಹನ್ನೆರಡು ವರ್ಷದಲ್ಲಿ ಅವಳಿಗೆ ರಜೆ ಎಂದರೆ ಊರಿಗೆ ಹೋಗುವುದು, ಯಾರದೋ ಮದುವೆಯಲ್ಲಿ ಓಡಾಡುವುದು, ಸುಸ್ತಾಗಿ ವಾಪಸು ಬರುವುದು. ಈ ಸಲ, ಏಪ್ರಿಲ್ಲಿನಲ್ಲಿ ಬರುವ ಎರಡು ಸಾವಿರದ ಮೂರರ ಈಸ್ಟರ್ ಮುಗಿಯುತ್ತಲೇ, ನೆಂಟರೇ ಇಲ್ಲದ ಜಾಗಕ್ಕೆ ಹೋಗಬೇಕೆಂದು ಹಠ ಹಿಡಿದಿದ್ದಳು. ಗಂಡ ಅವಿಲ್‌ನ ರಜೆಯ ಚೀಟಿಗೆ ಮೇಲಧಿಕಾರಿಯ ಸಹಿ ಬಿದ್ದು, ಫ್ರಿಜ್ಜಿನ ಬಾಗಿಲಲ್ಲಿ ಮೇರಿ ಮಾತೆಯ ಮ್ಯಾಗ್ನೆಟ್ಟಿನ ಕೆಳಗೆ ಆಗಲೇ ಕೂತಿತ್ತು. ಜೊತೆಗೆ ಯಾರು ಎಂಬ ಪ್ರಶ್ನೆಯೇ ಅವಳಿಗೆ ಎದ್ದಿರಲಿಲ್ಲ. ವೈದೇಹಿಯ ಮನೆಯವರು, ಇನ್ಯಾರು?

ವೈದೇಹಿ ಎದುರಿಗೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಶನಿವಾರವಲ್ಲವೇ.

ನಾಲ್ಕು ವರ್ಷದ ಹಿಂದೆ ಅನ್ನೆಟ್ ಮೊದಲ ಸಲ ಊಟಕ್ಕೆ ಕರೆದದ್ದೂ ಶನಿವಾರವೇ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ವೈದೇಹಿಗೆ, ಮೀನು ಬೆಂದ ಪಾತ್ರೆಯಲ್ಲೇ ಬೆಂದ ಅನ್ನ ಎಂದು ನೆನೆದೇ ತುತ್ತು ಇಳಿಯದು ಅನ್ನಿಸಿತು. ಹಾಗೆಂದು ಕರೆದವರ ಮುಖಕ್ಕೆ ಹೇಳಲಾಗುತ್ತದೆಯೇ? “ಶನಿವಾರ ನಂಗೆ ಉಪವಾಸ ಕಣ್ರೀ, ಹಣ್ಣು ಬಿಟ್ಟು ಏನೂ ಮುಟ್ಟಲ್ಲ” ಎಂದುಬಿಟ್ಟಳು. ಆ ಮಧ್ಯಾಹ್ನ ದಾಟಲು ಅಷ್ಟು ಸಾಕಿತ್ತು. ಆದರೆ ಅನ್ನೆಟ್ ನಂಬಿದಳು. ಈಸ್ಟರ್‌ಗೆ ಮುಂಚೆ ತಾನೂ ನಲವತ್ತು ದಿನ ವ್ರತ ಹಿಡಿಯುವವಳಿಗೆ ಇನ್ನೊಬ್ಬರ ಉಪವಾಸ ಸಣ್ಣ ವಿಷಯವಲ್ಲ. ಮುಂದಿನ ಸಲ ವೈದೇಹಿ ಬಂದಾಗ ಹಸಿರು ಹಿಡಿಯ ಹೊಸ ಚಾಕೊಂದು ಮೇಜಿನ ಮೇಲಿತ್ತು. ಅವಳ ಹಣ್ಣಿಗಲ್ಲದೆ ಬೇರೇನಕ್ಕೂ ಅದನ್ನು ಬಳಸದೆ, ಪೇಪರಿನಲ್ಲಿ ಸುತ್ತಿ ಇಡುತ್ತಿದ್ದಳು ಅನ್ನೆಟ್. ಅವಳ ಡ್ಯೂಟಿಯ ದೆಸೆಯಿಂದ ಭೇಟಿಯೆಲ್ಲ ಶನಿವಾರಕ್ಕೇ ಬೀಳುತ್ತಿತ್ತು. ಹೀಗೆ ಸುಳ್ಳಿಗೂ ಒಂದು ದಿನಚರಿ ಬಂತು. ಮನೆಯಲ್ಲಿ ಗಡದ್ದಾಗಿ ತಿಂದು ಬಸ್ಸು ಹತ್ತುವುದು, ಇಲ್ಲಿ ಬಂದು ಭಕ್ತಿಯಿಂದ ಬಾಳೆಹಣ್ಣು ಸುಲಿಯುವುದು. ಹಿಂದಿನ ವರ್ಷ ವೈದೇಹಿಗೆ ಆಪರೇಷನ್ ಆದಾಗ ಮಗಳು ಕೃತಿ ಹನ್ನೊಂದು ದಿನ ಇದೇ ಮನೆಯ ಅನ್ನ ಉಂಡಿದ್ದಳು. ಏನು ಉಂಡೆ ಎಂದು ವೈದೇಹಿ ಕೇಳಲು ಹೋಗಲಿಲ್ಲ.

“ನಾನೊಂದು ಯೋಚನೆ ಮಾಡಿದ್ದೇನೆ,” ಎಂದಳು ಅನ್ನೆಟ್. “ಮೂರು ಪಾತ್ರೆ ಹೊಸತು ತಕೊಂಡಿದ್ದೇನೆ, ಮೀನು ಮಾಂಸ ಎಂತದೂ ತಾಗದ್ದು. ಅಲ್ಲಿ ಇರುವ ನಾಲ್ಕು ದಿನ ನಾವೂ ತರಕಾರಿಯೇ ತಿನ್ನುದು. ಶನಿವಾರ ಮಾತ್ರ, ಆ ಮರುಭೂಮಿಯಲ್ಲಿ ಹಣ್ಣು ಸಿಗ್ತದಾ ಇಲ್ವಾ ಗೊತ್ತಿಲ್ಲ. ಖರ್ಜೂರ, ಸೇಬು ಮೊದಲೇ ಕಟ್ಟಿಕೊಳ್ಳುವ.” ಪಟ್ಟಿಯಲ್ಲಿ ಬರೆದೂ ಆಗಿತ್ತು: ಶನಿವಾರ, ವೈದೇಹಿ, ಹಣ್ಣು ಮತ್ತು ಹಾಲು.

“ಅಯ್ಯೋ, ನಂಗೋಸ್ಕರ ನೀವ್ಯಾಕೆ ಬಿಡ್ಬೇಕು?”

“ಇದೇನು ಹೊಸತಾ ವೈದೇಹಿಯವ್ರೆ?” ಬಾಗಿಲಿಗೆ ಒರಗಿ ನಿಂತಿದ್ದ ಅವಿಲ್ ನಕ್ಕ. ಗ್ರೀನ್‌ಫರ್ಡಿನ ಗೋದಾಮಿನಲ್ಲಿ ವಾರವೆಲ್ಲ ದುಡಿಯುವ ಮನುಷ್ಯ. “ನಾಲ್ಕು ವರ್ಷದಿಂದ ಈ ಮನೆಯಲ್ಲಿ ಶನಿವಾರ ಮೀನಿಲ್ಲ. ನನಗೆ ಮನೇಲಿ ಊಟ ಮಾಡ್ಲಿಕ್ಕೆ ಸಿಗುದೇ ಶನಿವಾರ, ಮಾರಾಯ್ರೆ! ನೀವು ಉಪವಾಸ ಕೂತಿರುವಾಗ ವಾಸನೆ ಬರಬಾರ್ದು ಅಂತ ಇವಳ ಕಾನೂನು.”

ವೈದೇಹಿ ತಿನ್ನುತ್ತಿದ್ದ ಬಾಳೆಹಣ್ಣನ್ನು ಕೆಳಗಿಟ್ಟಳು. ಇದು ಅವಳಿಗೆ ಗೊತ್ತೇ ಇರಲಿಲ್ಲ.

“ಬಟ್ ಮಮ್ ಡಸಂಟ್ ಫಾಸ್ಟ್, ಆಂಟಿ,” ಎಂದಳು ಕೃತಿ. ನೆಲದ ಮೇಲೆ ಅನ್ನೆಟ್‌ಳ ಮಗ ರಯಾನ್ ಜೊತೆ ಸ್ಲೀಪಿಂಗ್ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ ಹತ್ತು ವರ್ಷದ ಹುಡುಗಿ. “ಶೀ ಹ್ಯಾಡ್ ತ್ರೀ ದೋಸಾಸ್ ದಿಸ್ ಮಾರ್ನಿಂಗ್.” ಅವಳ ದನಿಯಲ್ಲಿ ಚಾಡಿಯಿರಲಿಲ್ಲ. ಉಪವಾಸವೇ ಮಾಡದ ಅಮ್ಮನಿಗಾಗಿ ಸುಮ್ಮನೆ ಖರ್ಜೂರ ಹೊರುವುದೇಕೆ ಎಂಬಷ್ಟೇ ಕಾಳಜಿ.

ಅವಿಲ್‌ನ ನಗು ತುಟಿಯ ಮೇಲೇ ನಿಂತುಹೋಯಿತು. ಅನ್ನೆಟ್ ತಲೆಯೆತ್ತಿ ವೈದೇಹಿಯನ್ನು ನೋಡಿದಳು. ಒಂದು ಮಾತು ಹೇಳಿದರೆ ನಂಬುತ್ತೇನೆ ಎನ್ನುವ ಹಾಗೆ ಕಾದಳು. ವೈದೇಹಿಯ ನಾಲಿಗೆಯ ತುದಿಗೆ ಬೇಕಾದಷ್ಟು ನೆಪಗಳು ಬಂದವು. ಡಾಕ್ಟರು ಬೇಡವೆಂದಿದ್ದಾರೆ, ಇವತ್ತೊಂದು ದಿನ ಮಾತ್ರ, ಮಗುವಿಗೇನು ಗೊತ್ತಾಗುತ್ತದೆ. “ಅಲ್ಲ, ಅದು…” ಎಂದವಳು ನಾಚಿಕೆಯಿಂದ ನಕ್ಷೆಯತ್ತ ತಲೆ ತಗ್ಗಿಸಿದಳು.

ಅನ್ನೆಟ್ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದಳು. “ಹಾಗಾದ್ರೆ ಖರ್ಜೂರ ಬೇಡ,” ಎಂದಳು. ಆಮೇಲೆ, ಮರುಭೂಮಿಯಲ್ಲಿ ದಿನಕ್ಕೆ ಒಬ್ಬರಿಗೆ ಎಷ್ಟು ನೀರು ಬೇಕು, ರಾತ್ರಿ ಚಳಿ ಎಷ್ಟಿರುತ್ತದೆ ಎಂದು ಅದೇ ದನಿಯಲ್ಲಿ ಓದತೊಡಗಿದಳು. ಅವಳು ಒಂದು ಮಾತು ಬೈದಿದ್ದರೆ ವೈದೇಹಿಗೆ ಉಸಿರಾಡಲು ಸುಲಭವಾಗುತ್ತಿತ್ತು.

ಬಸ್ಸಿನಲ್ಲಿ ಕೃತಿ ಕೇಳಿದಳು, “ಡಿಡ್ ಐ ಸೇ ಸಮ್‌ಥಿಂಗ್ ರಾಂಗ್?”

“ಇಲ್ಲ ಪುಟ್ಟಾ. ತಪ್ಪು ನಿಂದಲ್ಲ.”

ಮನೆಯಲ್ಲಿ ಗಂಡ ಮುಕುಂದನಿಗೆ ಇದೆಲ್ಲ ದೊಡ್ಡದಾಗಿ ಕಾಣಲಿಲ್ಲ. “ಏನೋ ಒಂದು ಹೇಳಿ ಸಂಭಾಳಿಸ್ಬೇಕಿತ್ತಪ್ಪ,” ಎಂದ.

“ನಾಲ್ಕು ವರ್ಷ ಅವರು ಮೀನು ತಿಂದಿಲ್ಲ ಕಣ್ರೀ, ನಂಗೋಸ್ಕರ.”

“ಶನಿವಾರ ಮಾತ್ರ ತಾನೆ?”

ವೈದೇಹಿ ಎದ್ದು ಅಡುಗೆಮನೆಗೆ ಹೋದಳು. ವಾರವೆಲ್ಲ ಅನ್ನೆಟ್‌ಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಶುಕ್ರವಾರದ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದಳು. ಹೋಗಬೇಕು, ತಪ್ಪಾಯಿತು ಎನ್ನಬೇಕು, ಅವಳ ಕೈಯ ಅನ್ನ ಉಣ್ಣಬೇಕು. ಶನಿವಾರ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಒಬ್ಬಳೇ ಹೊರಟಳು. ನಾಲ್ಕು ವರ್ಷದಲ್ಲಿ ಅದು ಅವಳ ಮೊದಲ ನಿಜವಾದ ಉಪವಾಸ.

ಗೇಟಿನ ಹತ್ತಿರವೇ ಮೀನು ಹುರಿಯುವ ವಾಸನೆ ಬಂತು.

ಬಾಗಿಲು ತೆರೆದ ಅನ್ನೆಟ್‌ಳ ಕೈಯೆಲ್ಲ ಮಸಾಲೆ. “ಅಯ್ಯೋ, ಫೋನ್ ಮಾಡುದಲ್ವಾ,” ಎನ್ನುತ್ತಾ ಒಳಗೆ ಓಡಿ, ಫೆಬ್ರವರಿಯ ಚಳಿಯಲ್ಲಿ ಕಿಟಕಿಯನ್ನು ಅಗಲ ತೆರೆದಳು.

“ಮುಚ್ಚಿ ಅನ್ನೆಟ್, ಚಳಿ,” ಎಂದಳು ವೈದೇಹಿ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಿಜವಾಗ್ಲೂ. ನಂಗೂ ಒಂದು ತಟ್ಟೆ ಹಾಕ್ತೀರಾ? ಅನ್ನ, ಉಪ್ಪಿನಕಾಯಿ ಸಾಕು.”

ಅನ್ನೆಟ್ ಕೈ ತೊಳೆದು, ಸ್ಟೀಲ್ ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಮಾವಿನ ಉಪ್ಪಿನಕಾಯಿ ಬಡಿಸಿದಳು. ವೈದೇಹಿ ಉಂಡಳು. ತುತ್ತು ಸಲೀಸಾಗಿ ಇಳಿಯಿತು. ಬಿಸಿ ಅನ್ನ, ಅಷ್ಟೆ. ಇಷ್ಟಕ್ಕೇ ನಾಲ್ಕು ವರ್ಷ ನಾಟಕವಾಡಿದೆನಲ್ಲ ಎಂದು ಅವಳಿಗೆ ಅಳು ಬಂತು.

“ನಂದು ತಪ್ಪಾಯ್ತು, ಅನ್ನೆಟ್.”

“ಛೆ, ಬಿಡಿ. ಅದಕ್ಕೆಂತ.” ಅನ್ನೆಟ್ ಒಲೆಯ ಕಡೆ ತಿರುಗಿ ಮೀನನ್ನು ಮಗುಚಿದಳು. ಹಾಗೆಯೇ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: “ನಾನೇ ಫೋನ್ ಮಾಡ್ಬೇಕು ಅಂತ ಇದ್ದೆ. ಅವಿಲ್‌ಗೆ ರಜೆ ಸಿಗ್ಲಿಲ್ಲ. ನಮಗೆ ಬರ್ಲಿಕ್ಕೆ ಆಗುದಿಲ್ಲ. ನೀವು ಮೂರು ಜನ ಹೋಗಿ ಬನ್ನಿ. ಕ್ಯಾಬಿನ್ ನಿಮ್ಮ ಹೆಸರಿಗೆ ಮಾಡಿಸಿದ್ದೇನೆ.”

ಫ್ರಿಜ್ಜಿನ ಬಾಗಿಲಲ್ಲಿ, ಮೇರಿ ಮಾತೆಯ ಕೆಳಗೆ, ಸಹಿ ಬಿದ್ದ ಚೀಟಿ ಹಾಗೆಯೇ ಇತ್ತು.

ವೈದೇಹಿಗೆ ಆ ದನಿಯ ಗುರುತು ಹತ್ತಿತು. ಎದುರಿನವರಿಗೆ ನೋವಾಗದ ಹಾಗೆ, ಮರುಪ್ರಶ್ನೆಗೆ ಜಾಗವಿಲ್ಲದ ಹಾಗೆ, ಇದೇ ಅಡುಗೆಮನೆಯಲ್ಲಿ ತಾನು ಆಡಿದ್ದ ದನಿ. ಅವಳು ಚೀಟಿಯಿಂದ ಕಣ್ಣು ತೆಗೆದಳು.

“ಹೌದಾ? ಅಯ್ಯೋ ಪಾಪ,” ಎಂದಳು. “ಮುಂದಿನ ಸಲ ಹೋಗೋಣ ಬಿಡಿ.”

“ಹ್ಞಾಂ. ಮುಂದಿನ ಸಲ.”

ಹೊರಡುವಾಗ ಅನ್ನೆಟ್ ಡ್ರಾಯರ್ ಎಳೆದು, ಪೇಪರಿನಲ್ಲಿ ಸುತ್ತಿದ ಪೊಟ್ಟಣವನ್ನು ಕೈಗಿತ್ತಳು. “ಕ್ಯಾಬಿನ್‌ನಲ್ಲಿ ಚಾಕು ಇರುದಿಲ್ಲವಂತೆ. ತಕೊಂಡು ಹೋಗಿ. ನಿಮ್ಮದೇ ಅಲ್ವಾ.”

ಬಸ್ ಸ್ಟಾಪಿನಲ್ಲಿ ವೈದೇಹಿ ಪೇಪರನ್ನು ಸ್ವಲ್ಪ ಬಿಡಿಸಿ ನೋಡಿದಳು. ಹಸಿರು ಹಿಡಿ, ಅಂಗಡಿಯಿಂದ ತಂದ ದಿನದಷ್ಟೇ ಹೊಳೆಯುವ ಅಲಗು. ನಾಲ್ಕು ವರ್ಷದಲ್ಲಿ ಒಂದು ಕಲೆಯೂ ಬಿದ್ದಿರಲಿಲ್ಲ. ಮತ್ತೆ ಸುತ್ತಿ ಚೀಲದ ತಳಕ್ಕೆ ಹಾಕಿದಳು. ಬಸ್ಸು ಬಂತು. ಕಂಬಿ ಹಿಡಿದು ನಿಂತಾಗ ಅವಳ ಬೆರಳುಗಳಲ್ಲಿ ಮಾವಿನ ಉಪ್ಪಿನಕಾಯಿಯ ವಾಸನೆ ಇನ್ನೂ ಇತ್ತು.