ಫಳ್ನೀರಿನ ಕರಿಕಲ್ಲು

ಭಾನುವಾರ ಬಂತೆಂದರೆ ಲೂರ್ಡ್ಸ್‌ಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆರು ದಿನ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಮಾಡಿ, ಏಳನೆಯ ದಿನ ಇಗರ್ಜಿಯಿಂದ ಬಂದು ಬಟ್ಟೆ ನೆನೆಹಾಕಿದರೆ ಗೇಟಿನಲ್ಲಿ ಜನ. ಕವಿ ಬೆಳೆದ ಮನೆ ಇದೇ ಅಲ್ಲವಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಿತ್ತಲಿಗೆ ನುಗ್ಗುತ್ತಿದ್ದರು. ಕವಿ ಫಳ್ನೀರಿನ ಈ ಮನೆಯಲ್ಲಿ ಬಾಡಿಗೆಗಿದ್ದದ್ದು ಹುಡುಗನಾಗಿದ್ದಾಗ. ಅವಳು ಇಪ್ಪತ್ತು ವರ್ಷದಿಂದ ಇದೇ ಮನೆಯನ್ನು ಗುಡಿಸುತ್ತಿದ್ದಾಳೆ, ಅದನ್ನು ಕೇಳುವವರಿಲ್ಲ. ಹೋದ ಮಳೆಗಾಲದಲ್ಲಿ ಅವಳೇ ನೆಟ್ಟ ಅಬ್ಬಲಿಗೆಯನ್ನು ಕವಿಯ ಹೂವೆಂದು ಕಿತ್ತು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಚಪ್ಪಲಿ ಬಿಚ್ಚಿ ಬಾವಿಯ ಪಕ್ಕದ ಕರಿಕಲ್ಲಿಗೆ ಕೈಮುಗಿಯುತ್ತಿದ್ದರು. ಆ ಕಲ್ಲಿನ ಮೇಲೆ ಕುಳಿತೇ ಕವಿ ಅಕ್ಷರ ಕಲಿತರಂತೆ, ಪದ್ಯದಲ್ಲಿ ಹಾಗೆ ಬರೆದಿದ್ದಾರಂತೆ. ಲೂರ್ಡ್ಸ್ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು.

ಇವತ್ತು ಆ ಕಲ್ಲೂ ಹೋಗುವುದಿತ್ತು. ಅದು ಗಂಡ ಡೆನಿಸನ ಘನಕಾರ್ಯ. ಹೋದ ತಿಂಗಳು ಸ್ಮಾರಕ ಸಮಿತಿಯವರು ಅವನನ್ನು ವೇದಿಕೆಯಲ್ಲಿ ಕುಳ್ಳಿರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟದ್ದೇ ತಡ, ಮನುಷ್ಯ ಉಬ್ಬಿಹೋಗಿ ಮೈಕಿನಲ್ಲೇ ಕಲ್ಲನ್ನು ಸ್ಮಾರಕಕ್ಕೆ ದಾನ ಮಾಡಿಬಿಟ್ಟಿದ್ದ. ಜನ್ಮದಲ್ಲಿ ಒಂದು ಕರವಸ್ತ್ರ ಒಗೆದವನಲ್ಲ, ಅವನಿಗೇನು. ಈಗಲೂ ಫೋಟೋಕ್ಕೆಂದು ಆ ಸೆಕೆಯಲ್ಲಿ ಅದೇ ಶಾಲು ಹೊದ್ದು ನಿಂತಿದ್ದ.

ಸಮಿತಿಯ ಕಾರ್ಯದರ್ಶಿ ಚಿತ್ತರಂಜನ ಮಾಸ್ಟ್ರು ಟೆಂಪೋದಲ್ಲಿ ನಾಲ್ಕು ಆಳುಗಳೊಡನೆ ಬಂದರು. ಜೊತೆಗೆ ದೇರೆಬೈಲಿನಿಂದ ಕವಿಯ ಅಕ್ಕ, ಎಪ್ಪತ್ತೆಂಟರ ಗುಣವತಿಯಕ್ಕನನ್ನೂ ಕರೆತಂದಿದ್ದರು.

"ಬಾಯಮ್ಮ, ಬಕೆಟ್ ಸ್ವಲ್ಪ ಆಚೆ ಇಡಿ. ಫೋಟೋ ತೆಗೀಲಿಕ್ಕೆ ಉಂಟು."

"ನಾನು ಇನ್ನು ಎಲ್ಲಿ ಒಗೆಯುವುದು ಮಾಸ್ಟ್ರೇ? ನಿಮ್ಮ ವೇದಿಕೆಯ ಮೇಲೆಯಾ?"

ಡೆನಿಸ್ ಕೆಮ್ಮಿದ. ಗುಣವತಿಯಕ್ಕ ಕಲ್ಲಿನ ಸವೆದ ತಗ್ಗಿನಲ್ಲಿ ಕೈಯಾಡಿಸುತ್ತಿದ್ದರು.

"ಅವನು ಇದರ ಮೇಲೆ ಕೂತದ್ದೇ ಇಲ್ಲ," ಎಂದರು. "ಕೂರಲಿಕ್ಕೆ ಇದು ಖಾಲಿ ಇದ್ದರಲ್ಲವಾ? ಅಪ್ಪ ಹೋದ ಮೇಲೆ ಅಮ್ಮ ಹೋಟೆಲಿನ ಬಟ್ಟೆ ತಂದು ಇಲ್ಲಿ ಒಗೆಯುತ್ತಿದ್ದಳು, ಇವನನ್ನು ಓದಿಸಲಿಕ್ಕೆ. ಶಾಲೆಯ ದೋಸ್ತಿಗಳು ಬಂದರೆ ಇವನಿಗೆ ನಾಚಿಕೆ. ಅಮ್ಮನನ್ನು ಒಳಗೆ ಹೋಗು ಅಂತಿದ್ದ."

ಇಷ್ಟಾದ ಮೇಲಾದರೂ ಕಲ್ಲು ಉಳಿದೀತೆಂದು ಲೂರ್ಡ್ಸ್ ಉಸಿರು ಬಿಟ್ಟಳು. ಮಾಸ್ಟ್ರ ಮುಖ ಮಾತ್ರ ಇನ್ನಷ್ಟು ಅರಳಿತು.

"ಹಾಗಾದರೆ ಇದು ಇನ್ನೂ ದೊಡ್ಡ ವಿಷಯ ಆಯ್ತಲ್ಲ ಗುಣವತಿಯಕ್ಕ. ತಾಯಿಯ ಕಲ್ಲು. ಫಲಕದಲ್ಲೇ ಬರೆಸ್ತೇನೆ." ಕಿಸೆಯಿಂದ ಪೆನ್ನು ತೆಗೆದರು. "ಅಮ್ಮನ ಹೆಸರು ಎಂತದು?"

ಕವಿಯ ಮುನ್ನೂರು ಪುಟದ ಜೀವನಚರಿತ್ರೆ ಬರೆದವರು ಇದೇ ಮಾಸ್ಟ್ರು.

ಗುಣವತಿಯಕ್ಕ ಅವರನ್ನೇ ಒಂದು ಗಳಿಗೆ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಕೆಟಿನಿಂದ ಡೆನಿಸನ ಪ್ಯಾಂಟು ಎತ್ತಿ ಕಲ್ಲಿಗೆ ಬಡಿದರು. ಎರಡನೆಯ ಪೆಟ್ಟಿಗೆ ಸಾಬೂನಿನ ನೀರು ಮಾಸ್ಟ್ರ ಬಿಳಿ ಪಂಚೆಗೆ ಹಾರಿತು. ಕಲ್ಲೆತ್ತಲು ಬಗ್ಗಿದ್ದ ಆಳುಗಳು ಹಿಂದೆ ಸರಿದರು. ಅಜ್ಜಿ ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಕೊನೆಗೆ ಟೆಂಪೋ ಖಾಲಿಯೇ ಹೋಯಿತು.

"ಸಭೆಯಲ್ಲಿ ಮಾತು ಕೊಟ್ಟಾಗಿದೆಯಲ್ಲ ಮಾರಾಯ್ತಿ, ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದು ಡೆನಿಸ್ ಗೊಣಗಿದ.

ಲೂರ್ಡ್ಸ್ ಅವನ ಹೆಗಲಿನಿಂದ ಶಾಲನ್ನು ಎಳೆದು ಬಕೆಟಿಗೆ ಹಾಕಿದಳು. ಆಮೇಲೆ ಗುಣವತಿಯಕ್ಕನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಅಮ್ಮನ ಹೆಸರನ್ನು ತಾನೇ ಮೆಲ್ಲಗೆ ಕೇಳಿದಳು.

"ದುಗ್ಗಮ್ಮ," ಎಂದರು ಅವರು, ಕೈ ನಿಲ್ಲಿಸದೆ.